ಯಂತ್ರಸ್ಪರ್ಧೆಯ ಮೊದಲ ಪೆಟ್ಟಿಗೆ

ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಪುಟ್ಟ ರೋಬೋಟುಗಳನ್ನು ರಚಿಸಿ, ಅವುಗಳನ್ನು ಸ್ಪರ್ಧೆಯ ಕಣಕ್ಕಿಳಿಸುವ ಪದ್ಧತಿಯು ಈಗ ದೊಡ್ಡ ನಗರಗಳಿಗೆ ಮಾತ್ರ ಸೇರಿದ್ದಾಗಿ ಉಳಿದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಸಾಧಾರಣ ಶಾಲೆಗಳ ಮಕ್ಕಳೂ ಇದರಲ್ಲಿ ಆಸಕ್ತಿ ತಳೆದಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆಸಕ್ತಿ ಹುಟ್ಟಿದ ಮರುದಿನವೇ ಉಪಾಧ್ಯಾಯರ ಎದುರಿಗೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ; ಪೋಷಕರು ತಮ್ಮ ಕೈಲಾದಷ್ಟು ಹಣ ಕೂಡಿಸಿದ್ದಾರೆ; ಈ ಹಣದಲ್ಲಿ ಕೊಳ್ಳತಕ್ಕದ್ದೇನು? ಭೌತಶಾಸ್ತ್ರದ ಅಧ್ಯಾಪಕರಾದ ನಮ್ಮ ಬಳಿಗೆ ಈ ಪ್ರಶ್ನೆಯು ಸಾಮಾನ್ಯವಾಗಿ "ಯಾವ ಕಿಟ್ಟು ತರಿಸೋಣ, ಸಾರ್?" ಎಂಬ ರೂಪದಲ್ಲಿ ಬರುತ್ತದೆ.

ಪ್ರಶ್ನೆಯನ್ನೇ ಸ್ವಲ್ಪ ತಿದ್ದಿ ಕೇಳಿಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಯು ತನ್ನ ಕೈಯಿಂದಲೇ ಅಳೆದು ನೋಡಬಲ್ಲ, ಕೆಟ್ಟರೆ ಬಿಚ್ಚಿ ಸರಿಪಡಿಸಬಲ್ಲ, ಸುಟ್ಟುಹೋದರೆ ಯಾರ ಭಯವೂ ಇಲ್ಲದೆ ಬೇರೊಂದನ್ನು ಹಾಕಬಲ್ಲ ಭಾಗಗಳು ಯಾವುವು? ಮೊದಲ ವರ್ಷದ ತಂಡಕ್ಕೆ ಬೇಕಾದದ್ದು ಇಂತಹ ಭಾಗಗಳು. ಮಿಕ್ಕದ್ದೆಲ್ಲ ಎರಡನೆಯ ವರ್ಷಕ್ಕೆ ಕಾಯಬಹುದು.

ರೋಬೋಟು ಎಂಬ ಶಬ್ದವು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಲೋಕಕ್ಕೆ ಬಂದಿತು. ಬಿಟ್ಟಿ ಚಾಕರಿ ಎಂಬ ಅರ್ಥದ ಮಾತಿನಿಂದ ಅದು ಹುಟ್ಟಿದ್ದು. ವಿದ್ಯಾರ್ಥಿಗಳ ಯಂತ್ರಸ್ಪರ್ಧೆಯ ಚರಿತ್ರೆ ಅಷ್ಟು ಹಳೆಯದಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ 1970ರ ದಶಕದಲ್ಲಿ ವುಡಿ ಫ್ಲವರ್ಸ್ ಎಂಬ ಪ್ರಾಧ್ಯಾಪಕರು ತಮ್ಮ ಯಂತ್ರವಿನ್ಯಾಸದ ತರಗತಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೇ ಬಗೆಯ ಸಾಮಗ್ರಿಗಳನ್ನು ಕೊಟ್ಟು, ಇಷ್ಟರಲ್ಲೇ ಒಂದು ಯಂತ್ರವನ್ನು ರಚಿಸಿ ಸ್ಪರ್ಧಿಸಿರಿ ಎನ್ನುತ್ತಿದ್ದರು. ಆ ಪೆಟ್ಟಿಗೆಯಲ್ಲಿ ಇದ್ದದ್ದು ಬೆಲೆಬಾಳುವ ಉಪಕರಣಗಳಲ್ಲ. ಸಾಮಾನ್ಯವಾದ ಚೂರುಪಾರು ಸಾಮಾನುಗಳು. ಡೀನ್ ಕೇಮನ್ ಎಂಬ ಉಪಜ್ಞೆಗಾರರು 1989ರಲ್ಲಿ ಫಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಫ್ಲವರ್ಸ್ ಅವರ ನೆರವಿನಿಂದ ಇದೇ ಕಲ್ಪನೆಯನ್ನು ಪ್ರೌಢಶಾಲೆಗಳಿಗೆ ತಂದರು. 1992ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಒಂದು ಶಾಲೆಯ ವ್ಯಾಯಾಮಶಾಲೆಯಲ್ಲಿ 28 ತಂಡಗಳು ಮೊದಲ ಸಲ ಸೆಣಸಿದವು. ಪೆಟ್ಟಿಗೆಯ ಮೂಲ ಉದ್ದೇಶವೇನೆಂಬುದು ಇದರಿಂದ ವ್ಯಕ್ತವಾಗುತ್ತದೆ. ಅದು ಸಿದ್ಧ ಉತ್ತರಗಳ ಪೆಟ್ಟಿಗೆಯಾಗಿರಲಿಲ್ಲ; ವಿದ್ಯಾರ್ಥಿಯ ಬುದ್ಧಿಗೆ ಒಡ್ಡಿದ ಮಿತಿಯಾಗಿತ್ತು.

ನಮ್ಮ ದೇಶದಲ್ಲಿ ಈ ದಿಕ್ಕಿನಲ್ಲಿ ನಡೆದಿರುವ ಕೆಲಸ ಅಲ್ಪವೇನಲ್ಲ. ಮುಂಬಯಿಯ ಐ.ಐ.ಟಿ.ಯ ಇ-ಯಂತ್ರ ಯೋಜನೆಯವರು 2012ರಿಂದ ಕಾಲೇಜು ವಿದ್ಯಾರ್ಥಿಗಳಿಗಾಗಿ ಸ್ಪರ್ಧೆ ನಡೆಸಿಕೊಂಡು ಬಂದಿದ್ದಾರೆ. ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳ ಯೋಜನೆಯಂತೆ ಆಯ್ಕೆಯಾದ ಶಾಲೆಯೊಂದಕ್ಕೆ ಐದು ವರ್ಷಗಳಲ್ಲಿ 20 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುವ ವ್ಯವಸ್ಥೆಯಾಯಿತು. ಇಂತಹ ನೆರವು ಪಡೆದ ಶಾಲೆಗಳಿಗೆ ಸಾಮಗ್ರಿಯ ಕೊರತೆ ಅಷ್ಟಾಗಿ ಇರಲಾರದು. ಪಡೆಯದ ಶಾಲೆಗಳು ತಮ್ಮ ಸ್ವಂತ ಆಯ್ಕೆಯ ಮೇಲೆಯೇ ನಿಲ್ಲಬೇಕು.

ಆದರೆ ಸಾಮಗ್ರಿ ಬಂದ ಮಾತ್ರಕ್ಕೆ ಕಲಿಕೆ ಬಂದಂತಾಗುವುದಿಲ್ಲ. ಹೆಸರು ಹೇಳುವ ಅಗತ್ಯವಿಲ್ಲದ ಒಂದು ಶಾಲೆಯಲ್ಲಿ ನಾವು ಕಂಡ ಪೆಟ್ಟಿಗೆ ಬಹಳ ಚೆನ್ನಾಗಿತ್ತು. ಒಂದೊಂದು ಭಾಗವೂ ತನ್ನ ಗೂಡಿನಲ್ಲಿ ಹೊಸದಾಗಿ ಹೊಳೆಯುತ್ತಿತ್ತು. ಕಾರಣವಿಷ್ಟೆ: ಅದು ಬೀರುವಿನಿಂದ ಹೊರಗೆ ಬಂದದ್ದೇ ಅಪರೂಪ. ಪೆಟ್ಟಿಗೆಯು ದಾಸ್ತಾನು ವಹಿಯಲ್ಲಿ ಉಪಾಧ್ಯಾಯರ ಹೆಸರಿಗೆ ದಾಖಲಾಗಿತ್ತು. ಒಂದು ಭಾಗ ಕಳೆದರೂ ಸುಟ್ಟರೂ ತನಿಖೆಗೆ ಬಂದವರಿಗೆ ಅವರೇ ಉತ್ತರ ಹೇಳಬೇಕು. ಹೀಗಿರುವಾಗ ಅವರು ಬೀರುವಿಗೆ ಬೀಗ ಹಾಕಿದ್ದರಲ್ಲಿ ತಪ್ಪೇನು? ದೋಷವಿರುವುದು ಉಪಾಧ್ಯಾಯರಲ್ಲಿ ಅಲ್ಲ; ಒಡೆಯಬಾರದ ವಸ್ತುವನ್ನು ಮಕ್ಕಳ ಕೈಗೆ ಕೊಡಿಸುವ ನಮ್ಮ ಏರ್ಪಾಡಿನಲ್ಲಿ.

ರಸಾಯನಶಾಸ್ತ್ರದ ಪ್ರಯೋಗಶಾಲೆಯನ್ನು ನೋಡಿರಿ. ಅಲ್ಲಿ ವರ್ಷಕ್ಕೆ ಇಷ್ಟು ಪ್ರನಾಳಗಳು ಒಡೆಯುವುವೆಂದೂ, ಇಷ್ಟು ಆಮ್ಲ ಖರ್ಚಾಗುವುದೆಂದೂ ಮೊದಲೇ ಲೆಕ್ಕ ಹಿಡಿದಿರುತ್ತಾರೆ. ಪ್ರನಾಳ ಒಡೆದ ಹುಡುಗನನ್ನು ಯಾರೂ ಅಪರಾಧಿಯೆಂದು ಕಾಣುವುದಿಲ್ಲ. ರೋಬೋಟಿನ ಮೋಟಾರು, ತಂತಿ, ಚಾಲಕಫಲಕಗಳನ್ನೂ ಹೀಗೆಯೇ ಖರ್ಚಾಗುವ ಸಾಮಾನುಗಳ ಪಟ್ಟಿಗೆ ಸೇರಿಸಿಬಿಟ್ಟರೆ ಬೀರುವಿನ ಬೀಗ ತಾನಾಗಿ ತೆರೆಯುತ್ತದೆ. ಭಾಗಗಳನ್ನು ಆರಿಸುವಾಗಲೂ ಇದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬೇಕು. ಒಂದು ಬಿಡಿಭಾಗವು ಸುಟ್ಟುಹೋದರೆ ಶಾಲೆಗೆ ಸಂಕಟವಾಗುವಷ್ಟು ಅದರ ಬೆಲೆಯಿದ್ದರೆ, ಆ ಭಾಗ ಮೊದಲ ಪೆಟ್ಟಿಗೆಗೆ ಸಲ್ಲದು.

ಇಷ್ಟು ಹೇಳಿದ ಮೇಲೆ ಆಯ್ಕೆಯ ಕ್ರಮಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಸ್ಪರ್ಧೆಯ ನಿಯಮಾವಳಿಯನ್ನು ಓದತಕ್ಕದ್ದು. ಕೆಲವು ಸ್ಪರ್ಧೆಗಳಲ್ಲಿ ಇಂಥ ತಯಾರಕರ ಭಾಗಗಳನ್ನೇ ಬಳಸಬೇಕೆಂಬ ನಿಬಂಧನೆಯುಂಟು. ಅಲ್ಲಿ ಚರ್ಚೆಗೆ ಎಡೆಯಿಲ್ಲ. ನಿಬಂಧನೆ ಇಲ್ಲದ ಕಡೆ ಬಹುಮಂದಿ ಮೊದಲು ಕೊಳ್ಳುವುದು ನಿಯಂತ್ರಕ ಫಲಕವನ್ನು ಮತ್ತು ಇಪ್ಪತ್ತು ಮೂವತ್ತು ಬಗೆಯ ಸಂವೇದಕಗಳನ್ನು. ಮೋಟಾರಿನ ಗೊಡವೆಗೆ ಹೋಗುವುದು ಕಡೆಯಲ್ಲಿ. ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದು ನಮ್ಮ ಸಲಹೆ. ಮೊದಲು ಮೋಟಾರು, ಆಮೇಲೆ ಅದನ್ನು ನಡೆಸುವ ಫಲಕ, ಅನಂತರ ವಿದ್ಯುತ್ಕೋಶ; ನಿಯಂತ್ರಕ, ಸಂವೇದಕಗಳು ಇವುಗಳ ಹಿಂದೆ ಬರಲಿ.

ಮೋಟಾರಿನ ಆಯ್ಕೆಗೆ ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕೆಂಬುದನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ರೋಬೋಟಿನ ತೂಕ 1.5 ಕಿಲೋಗ್ರಾಂ, ಅದು 15 ಡಿಗ್ರಿ ಓರೆಯಾದ ಹಲಗೆಯನ್ನು ಏರಬೇಕು. ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 3.8 ನ್ಯೂಟನ್. ಚಕ್ರಗಳು ಉರುಳುವಾಗಿನ ತಡೆಗೆಂದು 0.7, ವೇಗ ಪಡೆಯುವುದಕ್ಕೆಂದು 0.8 ಕೂಡಿಸಿದರೆ ಒಟ್ಟು 5.3 ನ್ಯೂಟನ್ ಆಗುತ್ತದೆ. ಚಕ್ರದ ತ್ರಿಜ್ಯ 3 ಸೆಂಟಿಮೀಟರು ಎಂದಾದರೆ ಬೇಕಾದ ತಿರುಗುಬಲ ಸುಮಾರು 0.16 ನ್ಯೂಟನ್ ಮೀಟರು. ಎರಡು ಮೋಟಾರುಗಳು ಹಂಚಿಕೊಂಡರೆ ಒಂದೊಂದಕ್ಕೆ 0.08. ಅಂಗಡಿಯವರು ಹೇಳುವ ಕಿಲೋಗ್ರಾಂ ಸೆಂಟಿಮೀಟರಿನ ಲೆಕ್ಕದಲ್ಲಿ ಇದು 0.8. ಆರಂಭದ ಕಿಟ್ಟುಗಳಲ್ಲಿ ಸರ್ವೇಸಾಮಾನ್ಯವಾಗಿ ಬರುವ, ಪ್ಲಾಸ್ಟಿಕ್ ದಂತಚಕ್ರಗಳ ಹಳದಿ ಮೋಟಾರು ಪೂರ್ತಿ ತಡೆದು ನಿಲ್ಲಿಸಿದಾಗ ಕೊಡಬಲ್ಲ ತಿರುಗುಬಲವೂ ಹೆಚ್ಚುಕಡಿಮೆ ಇದೇ ಅಂಕೆಯ ಆಸುಪಾಸಿನದು. ಎಂದರೆ, ನೆಲದ ಮೇಲೆ ಚೆನ್ನಾಗಿ ಓಡಿದ ಯಂತ್ರವು ಹಲಗೆಯ ಬುಡದಲ್ಲಿ ಮುಗ್ಗರಿಸಿ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ಯಾವ ಮೋಟಾರನ್ನೂ ಅದರ ಪೂರ್ಣ ಶಕ್ತಿಯ ಅಂಚಿನಲ್ಲಿ ದುಡಿಸಬಾರದು. ಬೇಕಾದದ್ದರ ಮೂರು ಪಟ್ಟು, ಎಂದರೆ ಸುಮಾರು 2.5 ಕಿಲೋಗ್ರಾಂ ಸೆಂಟಿಮೀಟರಿನ ತಿರುಗುಬಲವುಳ್ಳ, ಲೋಹದ ದಂತಚಕ್ರಗಳ 6 ವೋಲ್ಟಿನ ಮೋಟಾರು ಇಲ್ಲಿ ಯುಕ್ತವಾದದ್ದು. ಸೆಕೆಂಡಿಗೆ ಅರ್ಧ ಮೀಟರು ಸಾಗಬೇಕಾದರೆ ನಮ್ಮ ಚಕ್ರ ನಿಮಿಷಕ್ಕೆ ಸುಮಾರು 160 ಸುತ್ತು ತಿರುಗಬೇಕು. ಹೊರೆಯಿದ್ದಾಗ ವೇಗ ಕುಗ್ಗುವುದರಿಂದ, ಬರಿದೇ ತಿರುಗುವಾಗ 240 ಸುತ್ತಿನಷ್ಟು ತೋರಿಸುವ ಮೋಟಾರನ್ನು ಕೇಳಿ ತರಬೇಕು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಂಡು ಅಂಗಡಿಗೆ ಹೋದರೆ, ಅವಳನ್ನು ಯಾವ ಜಾಹೀರಾತೂ ದಾರಿ ತಪ್ಪಿಸಲಾರದು.

ಇನ್ನು ಮೋಟಾರನ್ನು ನಡೆಸುವ ಫಲಕ. ನಿಯಂತ್ರಕದ ಕಾಲೊಂದರಿಂದ ಪಡೆಯಬಹುದಾದ ಪ್ರವಾಹ ಸುಮಾರು 20 ಮಿಲಿಆಂಪಿಯರು. ಮೋಟಾರು ಕೇಳುವುದಾದರೋ ಅದರ ಹತ್ತಾರು ಪಟ್ಟು. ಆದುದರಿಂದ ನಡುವೆ ಒಂದು ಚಾಲಕಫಲಕ ಅವಶ್ಯ. ಬಹುಕಾಲದಿಂದ ಬಳಕೆಯಲ್ಲಿರುವ ಎಲ್298 ಎಂಬುದು ಗಟ್ಟಿಮುಟ್ಟಾದದ್ದೇನೋ ಹೌದು. ಆದರೆ 1 ಆಂಪಿಯರು ಹರಿಯುವಾಗ ಅದು ತನ್ನಲ್ಲಿಯೇ 1.8ರಿಂದ 3.2 ವೋಲ್ಟುಗಳವರೆಗೆ ನುಂಗಿಬಿಡುತ್ತದೆ. ಆ ಶಕ್ತಿಯೆಲ್ಲ ಬಿಸಿಯಾಗಿ ವ್ಯಯವಾಗುತ್ತದೆ. ಟಿಬಿ6612 ಎಂಬ ಈಚಿನ ಚಾಲಕವು ಅಷ್ಟೇ ಪ್ರವಾಹಕ್ಕೆ ಅರ್ಧ ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ನಿರಂತರವಾಗಿ 1.2 ಆಂಪಿಯರಿಗಿಂತ ಹೆಚ್ಚನ್ನು ಅದು ತಾಳಲಾರದು. ಯಾವುದು ಹೊಂದುವುದೆಂಬುದನ್ನು ಮೋಟಾರಿನ ಸುರುಳಿಯ ರೋಧವನ್ನು ಅಳೆದು ನಿರ್ಧರಿಸಬಹುದು. ರೋಧವು 3 ಓಮ್ ಎಂದಾದರೆ 6 ವೋಲ್ಟಿನಲ್ಲಿ ತಡೆದು ನಿಂತ ಮೋಟಾರು 2 ಆಂಪಿಯರು ಎಳೆಯುತ್ತದೆ. ಓಮನ ನಿಯಮಕ್ಕೆ ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ಲೆಕ್ಕವನ್ನು ನಾವು ಬೇರೆ ಕಾಣೆವು.

ವಿದ್ಯುತ್ಕೋಶದ ವಿಷಯದಲ್ಲಿ ಎರಡು ಮಾತು. ಚೌಕಾಕಾರದ 9 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು ಮೋಟಾರಿಗೆ ಕಟ್ಟುವುದು ಬಹಳ ತಂಡಗಳ ವಾಡಿಕೆ. ಅದರ ಆಂತರಿಕ ರೋಧ ಹೆಚ್ಚು. ಮೋಟಾರುಗಳು ಒಮ್ಮೆಲೇ ಪ್ರವಾಹ ಎಳೆದಾಗ ವೋಲ್ಟೇಜು ಕುಸಿದು, ನಿಯಂತ್ರಕವು ಎಚ್ಚರ ತಪ್ಪಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಮಕ್ಕಳು ತಮ್ಮ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ದಿನಗಟ್ಟಲೆ ಕಳೆಯುತ್ತಾರೆ, ತಪ್ಪಿರುವುದು ಬ್ಯಾಟರಿಯಲ್ಲಿ. ಲಿಥಿಯಂ ಕೋಶಗಳು ಹಗುರವೂ ಬಲವುಳ್ಳವೂ ಹೌದು. ಆದರೆ 4.2 ವೋಲ್ಟನ್ನು ಮೀರಿ ತುಂಬಿದರೆ, ಇಲ್ಲವೆ ತಂತಿಗಳು ನೇರವಾಗಿ ಕೂಡಿಕೊಂಡರೆ, ಬೆಂಕಿಯ ಅಪಾಯವುಂಟು. ಮೊದಲ ವರ್ಷದ ತಂಡಕ್ಕೆ, ಮತ್ತೆ ತುಂಬಬಹುದಾದ ನಿಕಲ್ ಹೈಡ್ರೈಡ್ ಕೋಶಗಳು ಆರು ಸಾಕು. ಒಂದೊಂದು 1.2 ವೋಲ್ಟಿನಂತೆ ಒಟ್ಟು 7.2 ವೋಲ್ಟು ಆಗುತ್ತದೆ. ತೂಕ ಕೊಂಚ ಹೆಚ್ಚಾದೀತು. ಉಪಾಧ್ಯಾಯರು ರಾತ್ರಿ ನೆಮ್ಮದಿಯಾಗಿ ನಿದ್ರಿಸಬಹುದು.

ನಿಯಂತ್ರಕದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಇಟಲಿಯ ಇವ್ರೇಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಆರ್ಡುಯಿನೊ ಫಲಕದ ರಚನೆಯನ್ನು ಅದರ ಕರ್ತೃಗಳು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಅದೇ ಮಾದರಿಯ ಫಲಕಗಳು ಈಗ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಅದರ ಸ್ಮೃತಿ ಚಿಕ್ಕದು. ಮೊದಲ ರೋಬೋಟಿನ ಬುದ್ಧಿಗೆ ಅಷ್ಟು ಸಾಕು. ಸಂವೇದಕಗಳೂ ಎರಡು ಬಗೆಯವು ಸಾಕು: ನೆಲದ ಗೆರೆಯನ್ನು ಗುರುತಿಸುವ ಅವಕೆಂಪು ಸಂವೇದಕ, ಮತ್ತು ದೂರವನ್ನು ಅಳೆಯುವ ಶ್ರವಣಾತೀತ ಸಂವೇದಕ. ಮೂವತ್ತನ್ನು ಹೆಸರಿನಿಂದ ಬಲ್ಲವನಿಗಿಂತ ಎರಡನ್ನು ಆಳವಾಗಿ ಬಲ್ಲವನು ಮುಂದೆ ಹೋಗುತ್ತಾನೆ. ದೂರದ ಸಂವೇದಕವನ್ನೇ ತೆಗೆದುಕೊಳ್ಳಿರಿ. ಅದು ಶಬ್ದವು ಹೋಗಿ ಬರುವ ಕಾಲವನ್ನು ಎಣಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರು. ರಾಮನಗರದ ಬೇಸಗೆಯ 35 ಡಿಗ್ರಿಯಲ್ಲಿ 352 ಮೀಟರು. ಪ್ರೋಗ್ರಾಮಿನಲ್ಲಿ 343 ಎಂದೇ ಬರೆದಿದ್ದರೆ ಒಂದು ಮೀಟರು ದೂರದ ಗೋಡೆಯು ಎರಡೂವರೆ ಸೆಂಟಿಮೀಟರು ಹತ್ತಿರ ಬಂದಂತೆ ಕಾಣುತ್ತದೆ. ಹಾಗೆಯೇ, ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಅವಕೆಂಪು ಕಿರಣಗಳು ಹೇರಳವಾಗಿರುವುದರಿಂದ, ಶಾಲೆಯ ಪಡಸಾಲೆಯಲ್ಲಿ ಹೊಂದಿಸಿಕೊಂಡ ಗೆರೆಯ ಸಂವೇದಕವು ಸಭಾಂಗಣದ ದೀಪಗಳಡಿಯಲ್ಲಿ ಬೇರೆ ಬೆಲೆಯನ್ನು ತೋರಿಸುತ್ತದೆ. ಎರಡೂ ಕಡೆ ಅಳೆದು ಬರೆದಿಟ್ಟುಕೊಳ್ಳುವ ತಂಡವು ಸ್ಪರ್ಧೆಯ ದಿನ ಗಾಬರಿಗೊಳ್ಳುವುದಿಲ್ಲ.

ಇಷ್ಟೆಲ್ಲ ಅಳೆಯುವುದಕ್ಕೆ ಬೇಕಾದ ಮಲ್ಟಿಮೀಟರು ಹೆಚ್ಚಿನ ಕಿಟ್ಟುಗಳಲ್ಲಿ ಇರುವುದೇ ಇಲ್ಲ. ನಮ್ಮ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ. ಜೊತೆಗೆ ಒಂದು ಬೆಸುಗೆ ಕಡ್ಡಿ, ತಿರುಪುಳಿಗಳ ಜೊತೆ, ಒಂದು ಕ್ಯಾಲಿಪರು, ಮತ್ತು ಪ್ರತಿಯೊಂದು ಮೋಟಾರಿಗೂ ಚಾಲಕಫಲಕಕ್ಕೂ ಒಂದೊಂದು ಹೆಚ್ಚುವರಿ ಇರಲಿ. ಬಿಡಿಭಾಗ ಬೇಕಾದಾಗಲೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಗೆ ಓಡುವುದು ಕನಕಪುರದ ಅಥವಾ ಮಾಗಡಿಯ ಉಪಾಧ್ಯಾಯರಿಗೆ ಒಂದಿಡೀ ದಿನದ ಕೆಲಸ. ಸಂಜೆಯ ಬಸ್ಸು ಹಿಡಿದು ಹಳ್ಳಿಗೆ ಮರಳಬೇಕಾದ ಮಕ್ಕಳಿಗೆ ಸಿಕ್ಕುವುದು ಶಾಲೆ ಬಿಟ್ಟ ಮೇಲಿನ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಭಾಗ ಸುಟ್ಟರೆ, ಬದಲಿ ಭಾಗವು ಆ ಕೋಣೆಯಲ್ಲೇ ಇರತಕ್ಕದ್ದು.

ಯಂತ್ರದ ಒಡಲು ಮತ್ತು ಚಕ್ರಗಳ ಬಗ್ಗೆ ನಮ್ಮ ಸೀಮೆಯವರು ಹೊರಗೆ ಹುಡುಕಬೇಕಾದ ಕಾರಣವೇ ಇಲ್ಲ. ಚನ್ನಪಟ್ಟಣದ ಕುಶಲಿಗಳು ಹಾಲೆ ಮರವನ್ನು ಲೇತಿಗೆ ಕೊಟ್ಟು ಗೊಂಬೆಗಳನ್ನು ಕಡೆಯುವುದು ಲೋಕಪ್ರಸಿದ್ಧ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮರವನ್ನು ಹೊದೆಯುತ್ತದೆ. ಪಾಠದಲ್ಲಿ ನಾವು ಹೇಳುವ ಘರ್ಷಣೆಯ ಉಷ್ಣಕ್ಕೆ ಇಷ್ಟು ಸೊಗಸಾದ ನಿದರ್ಶನ ಬೇರೆಲ್ಲೂ ಸಿಕ್ಕಲಾರದು. ಇವರ ಕೈಯಲ್ಲಿ ಚೆನ್ನಾಗಿ ಒಣಗಿದ ಮರದಿಂದ 60 ಮಿಲಿಮೀಟರು ವ್ಯಾಸದ ಚಕ್ರಗಳನ್ನು ಕಡೆಸಿ, ಅರಗು ಹಚ್ಚದೆ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸುತ್ತಿದರೆ ನೆಲ ಹಿಡಿಯುವ ಗಟ್ಟಿ ಚಕ್ರ ಸಿದ್ಧವಾಗುತ್ತದೆ.

ಇಲ್ಲಿ ನಿಖರತೆಯ ಪಾಠವೊಂದು ತಾನಾಗಿ ದೊರೆಯುತ್ತದೆ. ಒಂದು ಚಕ್ರ 60 ಮಿಲಿಮೀಟರು, ಇನ್ನೊಂದು 61 ಎಂದಿಟ್ಟುಕೊಳ್ಳಿರಿ. ಚಕ್ರಗಳ ನಡುವಿನ ಅಂತರ 15 ಸೆಂಟಿಮೀಟರು. ಎರಡೂ ಸಮನಾಗಿ ತಿರುಗಿದರೂ ಯಂತ್ರವು ನೇರ ಹೋಗದೆ ಸುಮಾರು 9 ಮೀಟರು ತ್ರಿಜ್ಯದ ವೃತ್ತದ ಮೇಲೆ ಸಾಗುತ್ತದೆ. 2 ಮೀಟರು ಹೋಗುವಷ್ಟರಲ್ಲಿ 22 ಸೆಂಟಿಮೀಟರಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಒಂದು ಮಿಲಿಮೀಟರಿನ ಬೆಲೆಯೇನೆಂಬುದನ್ನು ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಮರೆಯಲಾರ. ಲೇತಿನ ಮುಂದೆ ಕುಳಿತ ಕುಶಲಿಗೂ, ಲೆಕ್ಕ ಹಿಡಿದು ಬಂದ ವಿದ್ಯಾರ್ಥಿಗೂ ಅಲ್ಲಿ ಒಂದು ಸಂಭಾಷಣೆ ನಡೆಯುತ್ತದೆ. ಅದರಿಂದ ಇಬ್ಬರಿಗೂ ಲಾಭವಿದೆ. ಇದೇ ರೀತಿ, ರಾಮನಗರದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ರಾಟೆ, ಪಟ್ಟಿ, ದಂತಚಕ್ರಗಳು ದಿನವೂ ತಿರುಗುತ್ತಿವೆ. ಪಂಪುಸೆಟ್ಟಿನ ಮೋಟಾರಿಗೆ ಸುರುಳಿ ಸುತ್ತುವ ಅಂಗಡಿಗಳು ಊರೂರಿನಲ್ಲಿವೆ. ಬೆಸುಗೆಯನ್ನೂ ತಂತಿಯ ಜೋಡಣೆಯನ್ನೂ ಅಲ್ಲಿನವರಿಗಿಂತ ಚೆನ್ನಾಗಿ ಕಲಿಸುವವರು ಯಾರು?

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳೂ ಉಂಟು. ಸಿದ್ಧ ಕಿಟ್ಟುಗಳಲ್ಲಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ವೇಳೆ ಉಳಿಯುತ್ತದೆ, ಅಪಾಯ ಕಡಿಮೆ ಎನ್ನುತ್ತಾರೆ. ಇದು ನಿಜ, ಆರು ಏಳನೆಯ ತರಗತಿಯ ಮಕ್ಕಳಿಗೆ ಅವು ತಕ್ಕವೇ ಆಗಿವೆ. ಬೆಲೆಯುಳ್ಳ ಕಿಟ್ಟಿನಿಂದ ಬಂದ ತಂಡವೇ ಗೆಲ್ಲುವುದಲ್ಲವೆ ಎಂಬುದು ಇನ್ನೊಂದು ಆಕ್ಷೇಪ. ಮೊದಲ ವರ್ಷ ಹಾಗಾಗುವ ಸಂಭವವುಂಟು. ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಬಹುಮಾನವು ಒಂದು ತಂಡಕ್ಕೆ ಮಾತ್ರ. ಬರಿಗೈಯಲ್ಲಿ ಮರಳುವ ಮಿಕ್ಕ ತಂಡಗಳು ಏನನ್ನು ಕಲಿತು ಮರಳಿದವು ಎಂಬುದರ ಮೇಲೆ ಈ ಸ್ಪರ್ಧೆಗಳ ಸಾರ್ಥಕ್ಯ ನಿಂತಿದೆ. ಉಪಾಧ್ಯಾಯರ ಮೇಲೆ ಕೆಲಸದ ಹೊರೆ ಹೆಚ್ಚುವುದೆಂಬ ಮೂರನೆಯ ಆಕ್ಷೇಪವು ಇವೆಲ್ಲಕ್ಕಿಂತ ಗುರುತರವಾದದ್ದು. ಅದಕ್ಕೆ ಉತ್ತರ ಕೊಡಬೇಕಾದವರು ನಾವು, ಕಾಲೇಜುಗಳವರು.

ನಮ್ಮ ಸೂಚನೆಯಿಷ್ಟು. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಲೇಜುಗಳಿವೆ. ಭೌತಶಾಸ್ತ್ರ ವಿಭಾಗವಿರುವ ಕಡೆ ಒಂದೊಂದು ಬಿಡಿಭಾಗಗಳ ಉಗ್ರಾಣವಿರಲಿ. ಮೋಟಾರು, ಚಾಲಕಫಲಕ, ಕೋಶಗಳನ್ನು ಒಟ್ಟಾಗಿ ಕೊಂಡಲ್ಲಿ ಬೆಲೆಯೂ ಇಳಿಯುತ್ತದೆ. ಸುತ್ತಿನ ಶಾಲೆಯ ತಂಡವು ಸುಟ್ಟ ಭಾಗವನ್ನು ತಂದುಕೊಟ್ಟು, ಅದು ಏಕೆ ಸುಟ್ಟಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, ಹೊಸದನ್ನು ಒಯ್ಯಲಿ. ಆ ಹಾಳೆಗಳನ್ನು ಒಟ್ಟುಗೂಡಿಸಿ ಇಟ್ಟರೆ, ಮುಂದಿನ ವರ್ಷದ ತಂಡಗಳಿಗೆ ಯಾವ ಕಿಟ್ಟಿನ ಕೈಪಿಡಿಯೂ ಕೊಡಲಾರದ ಪಾಠಪುಸ್ತಕ ಸಿದ್ಧವಾಗುತ್ತದೆ. ಇದಕ್ಕೆ ದೊಡ್ಡ ಅನುದಾನ ಬೇಡ. ತಿಂಗಳಿಗೆ ಒಂದು ಶನಿವಾರ ಬಿಡುವು ಮಾಡಿಕೊಳ್ಳುವ ಅಧ್ಯಾಪಕರೊಬ್ಬರು ಬೇಕು.

ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಕೂಡಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಯು ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆಯಿತು. ಇದೇ ಸೀಮೆಯ ಬಿಡದಿಯಲ್ಲಿ 1999ರಿಂದ ಕಾರುಗಳು ತಯಾರಾಗುತ್ತಿವೆ. ಸುತ್ತಲೂ ಬೇರೆ ಕಾರ್ಖಾನೆಗಳು ಬೆಳೆದಿವೆ. ನಮ್ಮ ಮಕ್ಕಳಲ್ಲಿ ಹಲವರು ನಾಳೆ ಅಂತಹ ಕಡೆ ಕೆಲಸಕ್ಕೆ ನಿಲ್ಲುವವರು. ಚಿತ್ರ ನೋಡಿಕೊಂಡು ಭಾಗಗಳನ್ನು ಜೋಡಿಸಬಲ್ಲೆಯಾ ಎಂದು ಅಲ್ಲಿ ಯಾರೂ ಅವರನ್ನು ಕೇಳುವುದಿಲ್ಲ. ಓಡುತ್ತಿದ್ದ ಯಂತ್ರ ಏಕೆ ನಿಂತಿತು ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕುವ ಧೈರ್ಯವು ಶಾಲೆಯಲ್ಲಿದ್ದಾಗಲೇ ಬರಬೇಕಾದರೆ, ನಾವು ಅವರ ಕೈಗೆ ಕೊಡುವ ಮೊದಲ ಪೆಟ್ಟಿಗೆಯು ಬೀಗವಿಲ್ಲದ್ದಾಗಿರಲಿ. ಅದರೊಳಗೆ ಒಂದು ಮಲ್ಟಿಮೀಟರೂ, ಸುಟ್ಟರೆ ಚಿಂತೆಯಿಲ್ಲದ ನಾಲ್ಕು ಮೋಟಾರುಗಳೂ ಇರಲಿ.